ಎಡಿಎಂ2587ಇ: ಜಾಗ ಉಳಿಸುತ್ತದೆ, ಲೇಔಟ್ ಮಾಡುವವರನ್ನು ಕಾಡುತ್ತದೆ

ಎನರ್ಜಿ ಮೀಟರ್, ವಿಎಫ್‌ಡಿಗಳ (ಮೋಟಾರಿನ ವೇಗ ಬದಲಿಸುವ ಡ್ರೈವ್‌ಗಳು) ರೀಡಿಂಗ್ ಓದಿ ಕಳಿಸುವ ಡೇಟಾ ಲಾಗರ್ ಮಾಡುವುದು ನಮ್ಮ ಕೆಲಸ. ಅದರ ಆರ್‌ಎಸ್-485 ಪೋರ್ಟಿಗೆ (ಉದ್ದ ಕೇಬಲ್‌ನಲ್ಲಿ ಡೇಟಾ ಕಳಿಸುವ ಕೈಗಾರಿಕಾ ಪದ್ಧತಿ) ಅನಲಾಗ್ ಡಿವೈಸಸ್ ಕಂಪನಿಯ ಎಡಿಎಂ2587ಇ ಎಂಬ ಈ ಟ್ರಾನ್ಸೀವರ್ ಚಿಪ್, ಅಂದರೆ ಡೇಟಾ ಕಳಿಸಿ ಪಡೆಯುವ ಚಿಪ್, ಹಾಕಲು ಶುರು ಮಾಡಿ ಕೆಲವು ವರ್ಷಗಳಾದವು.

ಫ್ಯಾಕ್ಟರಿ ಶೆಡ್ಡಿನ ಈ ತುದಿಯ ಪ್ಯಾನೆಲ್ ಅರ್ಥಿಂಗ್‌ಗೂ ಆ ತುದಿಯ ಅರ್ಥಿಂಗ್‌ಗೂ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಆರ್‌ಎಸ್-485 ಸಹಿಸುವುದು ಮೈನಸ್ 7ರಿಂದ ಪ್ಲಸ್ 12 ವೋಲ್ಟ್ ತನಕ. ದೊಡ್ಡ ಮೋಟಾರ್ ಶುರುವಾದಾಗ ಅದು ದಾಟಿದರೆ ಸಾದಾ ಟ್ರಾನ್ಸೀವರ್ ಸುಡಬಹುದು. ಹಾಗಾಗಿ ಐಸೊಲೇಶನ್, ಅಂದರೆ ಲಾಗರ್ ಬದಿಗೂ ಕೇಬಲ್ ಬದಿಗೂ ನೇರ ವಿದ್ಯುತ್ ಸಂಪರ್ಕ ಇಲ್ಲದ ಹಾಗೆ ಬೇರ್ಪಡಿಸುವುದು, ಬೇಕೇ ಬೇಕು. ಆದರೆ ಡೇಟಾಗೆ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಭಾಗ) ಹಾಕಿದರೆ ಸಾಲದು. ಆಚೆಯ ಕೇಬಲ್ ಬದಿಗೆ ಪವರ್ ಕೊಡಲು ಬೇರೆ ಡಿಸಿ-ಡಿಸಿ ಮಾಡ್ಯೂಲ್ ಬೇಕು. ಸಣ್ಣ ಬೋರ್ಡಿನಲ್ಲಿ ಅಲ್ಲಿಗೆ ಜಾಗ ಖಾಲಿ.

ಎಡಿಎಂ2587ಇಯಲ್ಲಿ ಡೇಟಾ, ಪವರ್ ಎರಡರ ಐಸೊಲೇಶನ್ ಕೂಡ 20 ಕಾಲಿನ ಒಂದೇ ಚಿಪ್‌ನೊಳಗಿವೆ. ಒಳಗಿನ ಪುಟಾಣಿ ಟ್ರಾನ್ಸ್‌ಫಾರ್ಮರ್‌ಗಳ ಮೂಲಕ ಪವರ್ ಮತ್ತು ಡೇಟಾ ಬೇರೆ ಬೇರೆಯಾಗಿ ದಾಟುತ್ತವೆ. ಒಂದು ನಿಮಿಷ 2,500 ವೋಲ್ಟ್ ಎಸಿ ತಡೆಯುವ ರೇಟಿಂಗ್ ಇದೆ. ವೇಗ 500 ಕೆಬಿಪಿಎಸ್. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಮೋಡ್‌ಬಸ್ (ಮೀಟರ್‌ಗಳ ಜೊತೆ ಮಾತಾಡುವ ಭಾಷೆ) ಓಡಿಸುವ ನಮಗೆ ಅದೇ ಧಾರಾಳ. ಇದರ ಅಣ್ಣ ಎಡಿಎಂ2582ಇ 16 ಎಂಬಿಪಿಎಸ್ ತನಕ ಹೋಗುತ್ತದೆ. ಅಷ್ಟು ವೇಗ ಬೇಡವಾದರೆ ಇದೇ ವಾಸಿ, ಉದ್ದ ಕೇಬಲ್‌ನಲ್ಲಿ ಸಿಗ್ನಲ್ ಬಡಿದು ವಾಪಸ್ ಬರುವ ಕಾಟ ಕಡಿಮೆ.

ಐಸೊಲೇಶನ್ ಬಗ್ಗೆ ನನಗೆ ದೂರಿಲ್ಲ. ಇಂಥ ಚಿಪ್ ಹಾಕಿದ ಮೇಲೂ ಎರಡು ಬದಿಯ ಗ್ರೌಂಡನ್ನು ಒಂದೇ ಟರ್ಮಿನಲ್ಲಿಗೆ ಬಿಗಿಯುವ ವೈರಿಂಗ್‌ನವರು ಇದ್ದಾರೆ ಬಿಡಿ. ಆಗ ಕೊಟ್ಟ ದುಡ್ಡು ಸುಮ್ನೆ ದಂಡ.

ತಲೆನೋವು ರೇಡಿಯೋ ಗದ್ದಲದ್ದು. ಅಷ್ಟು ಚಿಕ್ಕ ಟ್ರಾನ್ಸ್‌ಫಾರ್ಮರ್‌ನಲ್ಲಿ ಪವರ್ ದಾಟಿಸಲು ಒಳಗಿನ ಕನ್ವರ್ಟರ್ ಸುಮಾರು 180 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಐಸೊಲೇಶನ್ ಗ್ಯಾಪ್‌ನ ಎರಡು ಕಡೆಯ ಗ್ರೌಂಡುಗಳು ಹಳೆ ಟಿವಿ ಆಂಟೆನಾದ ಎರಡು ಕೋಲಿನ ಥರ ಆಗಿಬಿಡುತ್ತವೆ. ಕಂಪನಿ ಇದನ್ನೇನೂ ಮುಚ್ಚಿಟ್ಟಿಲ್ಲ. ನಾಲ್ಕು ಪದರದ ಬೋರ್ಡ್ ಹಾಕಿ, ಒಳಪದರಗಳಲ್ಲಿ ಎರಡು ಗ್ರೌಂಡುಗಳನ್ನು ಒಂದರ ಮೇಲೊಂದು ಚಾಚಿ ಕೆಪಾಸಿಟರ್ ಮಾಡಿಕೊಳ್ಳಿ ಎಂದು ಅವರೇ ದಾರಿ ಹೇಳುತ್ತಾರೆ. ಐಸೊಲೇಟೆಡ್ ಪವರ್‌ನ ಔಟ್ ಪಿನ್ನನ್ನು ಇನ್ ಪಿನ್ನಿಗೆ ನಾವೇ ಹೊರಗಿನಿಂದ ಸೇರಿಸಬೇಕು. ಅಲ್ಲಿ ಗದ್ದಲ ತಡೆಯುವ ಫೆರೈಟ್ ಬೀಡ್ ಹಾಕಿ. ಕೆಪಾಸಿಟರ್‌ಗಳನ್ನು ಪಿನ್ನಿಗೆ ಅಂಟಿದಂತೆಯೇ ಕೂರಿಸಿ. ಇದನ್ನೆಲ್ಲ ಬಿಟ್ಟು ಎರಡು ಪದರದಲ್ಲಿ ಮುಗಿಸುತ್ತೇನೆ ಅಂದರೆ ಇಎಂಐ (ಈ ರೇಡಿಯೋ ಗದ್ದಲ ಅಳೆಯುವ) ಟೆಸ್ಟ್ ಲ್ಯಾಬಿನ ಬಿಲ್ಲಿಗೂ ದುಡ್ಡು ತೆಗೆದಿಡಿ!

ಕರೆಂಟೂ ಜಾಸ್ತಿ ಕುಡಿಯುತ್ತದೆ. ಕೇಬಲ್‌ನ ಎರಡು ತುದಿಗೂ 120 ಓಮ್ ರೆಸಿಸ್ಟರ್ ಹಾಕಿ ಡೇಟಾ ಕಳಿಸುವಾಗ 5 ವೋಲ್ಟ್‌ನಲ್ಲಿ 100 ಮಿಲಿಆಂಪ್ ಹತ್ತಿರ ಬೇಕು. ಚಿಪ್ ಬೆಚ್ಚಗಾಗುತ್ತದೆ. ಬ್ಯಾಟರಿ ಸಾಧನಕ್ಕೆ ಇದು ಆಗಿಬರುವುದಿಲ್ಲ. ಆಚೆ ಬದಿಯ ಪವರ್ ಟ್ರಾನ್ಸೀವರ್‌ಗಷ್ಟೇ, ಅದರಿಂದ ಬೇರೆ ಸೆನ್ಸರ್ ಓಡಿಸಲು ಹೋಗಬೇಡಿ. ಬೆಲೆಯೂ ಸಾದಾ ಟ್ರಾನ್ಸೀವರ್‌ಗಿಂತ ತುಂಬಾ ಹೆಚ್ಚು. ಸಾವಿರಗಟ್ಟಲೆ ಬೋರ್ಡ್ ಮಾಡುವವರು ಬಿಡಿ ಭಾಗಗಳ ಲೆಕ್ಕವನ್ನೂ ಹಾಕಿ ನೋಡುವುದು ಒಳ್ಳೆಯದು.

ಈಗ ಹೊಸ ಡಿಸೈನ್ ಶುರು ಮಾಡುವವರು ಅದೇ ಕಂಪನಿಯ ಎಡಿಎಂ2867ಇ ಕಡೆ ನೋಡಿ. 5,700 ವೋಲ್ಟ್ ರೇಟಿಂಗ್ ಇದೆ, ಗದ್ದಲವೂ ಕಡಿಮೆ, ಎರಡು ಪದರದ ಬೋರ್ಡಿಗೂ ಒಗ್ಗುತ್ತದೆ. ಕಾಲುಗಳು 28, ಹಾಗಾಗಿ ಹಳೆ ಬೋರ್ಡಿನ ಜಾಗಕ್ಕೆ ಕೂರುವುದಿಲ್ಲ. ನಮ್ಮ ಹಳೆ ಲಾಗರ್‌ನಲ್ಲಿ 2587ಇಯನ್ನೇ ಉಳಿಸಿಕೊಂಡಿದ್ದೇವೆ.