ಚಿಕ್ಕಪ್ಪನ ವೀರಗಲ್ಲು: ಸಾಗರದ ಒಂದು ಕೆತ್ತನೆಯ ಕಾರ್ಯಾಗಾರದ ಬಗ್ಗೆ

ಒಂದು ಮಳೆಗಾಲ ಪೂರ್ತಿ ನೆನೆದ ಮೇಲೆ ಕಲ್ಲು ಹೇಗಿರುತ್ತದೆ ಎಂಬುದನ್ನು ನೋಡಿಯೇ ಬರೆಯೋಣವೆಂದು ಈ ವಿಮರ್ಶೆಯನ್ನು ಇಷ್ಟು ದಿನ ತಡೆದಿದ್ದೆ. ಸಾಗರದ ಹೊರವಲಯದಲ್ಲಿ ಗುಡಿಗಾರ ಮನೆತನದ ಅಣ್ಣತಮ್ಮಂದಿರು ನಡೆಸುವ ಕಾರ್ಯಾಗಾರದಲ್ಲಿ ಕಳೆದ ವರ್ಷ ನಾವು, 1971ರ ಯುದ್ಧದಲ್ಲಿ ಮಡಿದ ನನ್ನ ಚಿಕ್ಕಪ್ಪನ ನೆನಪಿಗೆ, ಮೂರೂವರೆ ಅಡಿ ಎತ್ತರದ ಒಂದು ವೀರಗಲ್ಲನ್ನು ಮಾಡಿಸಿದೆವು. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಅವರ ಹೆಸರನ್ನು ಇಲ್ಲಿ ಹಾಕುತ್ತಿಲ್ಲ.

ಚಿಕ್ಕಪ್ಪ ಸೆಕೆಂಡ್ ಲೆಫ್ಟಿನೆಂಟ್ ಆಗಿ ವರ್ಷವೂ ತುಂಬಿರಲಿಲ್ಲ, ವಯಸ್ಸು 22. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯಾಗಿ, ಮರುದಿನ ರಾತ್ರಿ 8 ಗಂಟೆಗೆ ಪಶ್ಚಿಮದ ಗಡಿಯಲ್ಲಿಯೂ ಕದನವಿರಾಮವಾಯಿತೆಂದು ರೇಡಿಯೋದಲ್ಲಿ ಕೇಳಿ, ಮನೆಯವರೆಲ್ಲ ಪಾಯಸ ಮಾಡಿ ಉಂಡ ಮೇಲೆ ತಂತಿ ಬಂದಿತ್ತು. ಅವನು ಸತ್ತದ್ದು ಅದೇ ಪಶ್ಚಿಮದ ಗಡಿಯ ಶಕರ್‌ಗಢದ ಕಡೆ, ಬಸಂತರ್ ನದಿಯ ಕಾಳಗದಲ್ಲಿ. ಅದೇ ಕಾಳಗದಲ್ಲಿ ಮಡಿದ, 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಅವರಿಗೆ ಪರಮವೀರ ಚಕ್ರ ಸಂದಿತು. ನಮ್ಮವನ ಹೆಸರು ಯಾವ ಪದಕದ ಪಟ್ಟಿಯಲ್ಲಿಯೂ ಇಲ್ಲ. ಅವನ ದಹನವೂ ಅಲ್ಲಿಯೇ ಆಯಿತು. ಊರಿಗೆ ಬಂದದ್ದು ಒಂದು ಕಪ್ಪು ಟ್ರಂಕು ಮಾತ್ರ. 2019ರ ಫೆಬ್ರವರಿಯಲ್ಲಿ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದ ಮೇಲೆ ನಾನು ಹೋಗಿ, ತ್ಯಾಗಚಕ್ರದ ಗೋಡೆಗಳ ಸಾವಿರಾರು ಹೆಸರುಗಳ ನಡುವೆ ಅವನದನ್ನು ಹುಡುಕಿ ಫೋಟೋ ತಂದೆ. ನಮ್ಮ ಅತ್ತೆ, ಅಂದರೆ ಅವನ ಅಕ್ಕ, ಅದನ್ನು ನೋಡಿ, ‘ಚೆಂದ ಇದೆ, ಆದರೆ ನಾನು ಅಷ್ಟು ದೂರ ಹೋಗಿ ಹೂವು ಇಡುವುದು ಹೇಗೆ’ ಎಂದರು. ಕಲ್ಲಿನ ಯೋಚನೆ ಶುರುವಾದದ್ದು ಅಲ್ಲಿಂದ.

ಶಿವಮೊಗ್ಗದಲ್ಲಿ ಮೊದಲು ವಿಚಾರಿಸಿದ ಕಡೆ, ಹೊಳಪಿನ ಕಪ್ಪು ಗ್ರಾನೈಟ್ ಹಲಗೆಯ ಮೇಲೆ ಲೇಸರ್‌ನಿಂದ ಫೋಟೋ ಮೂಡಿಸಿ ವಾರದೊಳಗೆ ಕೊಡುತ್ತೇವೆಂದರು. ಬೆಲೆಯೂ ಕಡಿಮೆಯಿತ್ತು. ಆದರೆ ಅದರಲ್ಲಿ ಅವನ ಮುಖಕ್ಕಿಂತ ನೋಡುವವರ ಮುಖವೇ ಚೆನ್ನಾಗಿ ಕಾಣುತ್ತಿತ್ತು. ಅದೇ ದಿನ ಶಿವಪ್ಪ ನಾಯಕನ ಅರಮನೆಯ ಸಂಗ್ರಹಾಲಯಕ್ಕೆ ಹೋಗಿ, ಅಲ್ಲಿರುವ ವೀರಗಲ್ಲುಗಳನ್ನು ನೋಡಿ, ಇಂಥದ್ದೇ ಆಗಬೇಕೆಂದು ನಿಶ್ಚಯಿಸಿದೆ.

ಸಾಗರದ ಈ ಕಾರ್ಯಾಗಾರದ ಹಿರಿಯರಿಗೆ ವೀರಗಲ್ಲಿನ ಕ್ರಮ ಬಾಯಿಪಾಠವಿದೆ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ವಿಮಾನದಲ್ಲಿ ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದ ವೀರ, ನೆತ್ತಿಯಲ್ಲಿ ಸೂರ್ಯ ಚಂದ್ರರು. ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’ ಎಂಬ ಹಳೆಯ ಶ್ಲೋಕವನ್ನೂ ಕೆತ್ತೋಣವೆಂದು ಅವರು ಸೂಚಿಸಿದಾಗ, ಗೆದ್ದರೆ ಸಂಪತ್ತು, ಸತ್ತರೆ ಅಪ್ಸರೆ ಸಿಗುತ್ತಾಳೆಂಬ ಅದರ ಅರ್ಥ ಕೇಳಿ ತಿಳಿದುಕೊಂಡ ಅತ್ತೆ, ‘ಅಪ್ಸರೆಯರು ಬೇಡ ಮಾರಾಯರೇ, ಅವನಿಗೆ ಸೊರಬದ ಕಡೆ ಹೆಣ್ಣು ನೋಡಿಟ್ಟಿದ್ದೆವು’ ಎಂದರು. ಹಿರಿಯರು ನಗಲಿಲ್ಲ, ವಾದವನ್ನೂ ಮಾಡಲಿಲ್ಲ. ಹಾಗಾದರೆ ಅವನು ಮನೆಯಿಂದ ಕೊನೆಯ ಸಲ ಹೊರಟದ್ದು ಹೇಗೆಂದು ಕೇಳಿದರು. ಸಾಗರದ ಸ್ಟೇಷನ್ನಿನಿಂದ, ಆಗಿನ ಮೀಟರ್ ಗೇಜ್ ರೈಲಿನಲ್ಲಿ. ನಡುವಿನ ಪಟ್ಟಿಕೆಗೆ ರೈಲಿನ ಡಬ್ಬಿ ಬಂದದ್ದು ಹೀಗೆ. ತೇರಿನ ಕೆಲಸದಲ್ಲಿ ಪಳಗಿದ ಕೈಯಾದ್ದರಿಂದ ಗಾಲಿಗಳೆಲ್ಲ ದಳ ದಳವಾಗಿ ರಥದ ಗಾಲಿಗಳಂತೆಯೇ ಮೂಡಿವೆ. ರೈಲಿನ ಗಾಲಿ ಹೀಗಿರುವುದಿಲ್ಲವೆಂದು ನಾನು ಆಕ್ಷೇಪಿಸಿದ್ದೆ. ಈಗ ನೋಡಿದರೆ ಇಡೀ ಕಲ್ಲಿನಲ್ಲಿ ನನಗೆ ಹೆಚ್ಚು ಹಿಡಿಸುವುದು ಅದೇ.

ಬರಹದ ವಿಷಯದಲ್ಲಿ ಮಾತ್ರ ಜಗ್ಗಾಟವಾಯಿತು. ಅವರ ಕರಡಿನಲ್ಲಿ ‘ಅಮರ’, ‘ಹುತಾತ್ಮ’, ‘ಸಿಂಹ’ ಎಲ್ಲವೂ ಇದ್ದವು. ನಮ್ಮ ಸೀಮೆಯ ಹಳೆಯ ತುರುಗೊಳ್ ಕಲ್ಲುಗಳು ಯಾವ ಊರಿನ ದನಗಳನ್ನು ಬಿಡಿಸಲು ಹೋಗಿ ಯಾರ ಮಗ ಸತ್ತನೆಂಬುದನ್ನು ಮೊದಲು ಹೇಳುತ್ತವೆ ಎಂದು ನೆನಪಿಸಿ, ಹೆಸರು, ತಂದೆತಾಯಿ, ಊರು, ಹುದ್ದೆ, ವಯಸ್ಸು, ಸತ್ತ ಸ್ಥಳ, ತಿಂಗಳು ಇಷ್ಟನ್ನೇ ಇಡಿಸಿದೆ. ಅಕ್ಷರಗಳು ಆಳವಾಗಿವೆ, ಒತ್ತಕ್ಷರಗಳು ಎಲ್ಲಿಯೂ ಕೆಳಗಿನ ಸಾಲಿಗೆ ತಗುಲಿಲ್ಲ. ಕನ್ನಡವನ್ನು ಕಲ್ಲಿನಲ್ಲಿ ಬರೆಯಬಲ್ಲವರೆಂದು ಧೈರ್ಯವಾಗಿ ಹೇಳಬಹುದು.

ಇನ್ನು ದೂರುಗಳು. ಸೆಕೆಂಡ್ ಲೆಫ್ಟಿನೆಂಟ್‌ನ ಹೆಗಲಿಗೆ ಒಂದೇ ನಕ್ಷತ್ರ. ಆ ಹುದ್ದೆ ಈಗ ಸೈನ್ಯದಲ್ಲಿ ಇಲ್ಲ. ಹೊಸ ಅಧಿಕಾರಿಗಳು ನೇರವಾಗಿ ಎರಡು ನಕ್ಷತ್ರದ ಲೆಫ್ಟಿನೆಂಟ್ ಆಗುತ್ತಾರೆ. ನಾನು ಕೊಟ್ಟ ಹಳೆಯ ಫೋಟೋವನ್ನು ಬಿಟ್ಟು, ತಮ್ಮಂದಿರಲ್ಲಿ ಒಬ್ಬರು ಮೊಬೈಲಿನಲ್ಲಿ ಸಿಕ್ಕ ಈಗಿನ ಸಮವಸ್ತ್ರವನ್ನು ನೋಡಿ ಎರಡು ನಕ್ಷತ್ರಗಳನ್ನು ಕೆತ್ತಿಬಿಟ್ಟಿದ್ದರು. ‘ಇರಲಿ ಬಿಡು, ಬದುಕಿದ್ದರೆ ಅದೂ ಬರುತ್ತಿತ್ತು’ ಎಂದು ಅತ್ತೆ ಹೇಳಿದರೂ ನಾನು ಒಪ್ಪದೆ ಒಂದನ್ನು ಉಳಿಯಿಂದ ತೆಗೆಸಿದೆ. ಅಲ್ಲಿ ಉಳಿದ ಸಣ್ಣ ತಗ್ಗನ್ನು ನೋಡುವಾಗಲೆಲ್ಲ, ನಾನು ಮಾಡಿದ್ದು ಸರಿಯೇ ಎಂಬ ಅನುಮಾನ ಬರುತ್ತದೆ. ಯುಗಾದಿಗೆ ಕೊಡುತ್ತೇವೆಂದ ಕಲ್ಲು ಬಂದದ್ದು ಮೇ ಕೊನೆಗೆ, ಮೊದಲ ಮಳೆಯ ಜೊತೆ. ಮಾತಾಡಿದ 46 ಸಾವಿರ ರೂಪಾಯಿಯಲ್ಲಿ ಸಾಗಣೆ ಸೇರಿಲ್ಲವೆಂಬುದನ್ನು ಪಿಕಪ್ ವ್ಯಾನ್ ನಮ್ಮ ದಣಪೆಯ ಮುಂದೆ ನಿಂತ ಮೇಲೆ ಹೇಳಿದರು.

ಮನೆಯ ದಾರಿಯಲ್ಲಿ ಜಂಬಿಟ್ಟಿಗೆಯ ಕಟ್ಟೆ ಕಟ್ಟಿ ನಿಲ್ಲಿಸಿದ್ದೇವೆ. ಕೃಷ್ಣಶಿಲೆ ಬಿರುಕು ಬಿಟ್ಟಿಲ್ಲ. ಹಿಂಬದಿಯ ಒರಟು ಮೈಯೆಲ್ಲ ಹಸಿರು ಪಾಚಿ ಹಿಡಿದಿದೆ. ಮುಂಬದಿಯಲ್ಲಿ ಗಾಲಿಯ ದಳಗಳ ಸಂದಿಗೆ ಮತ್ತು ಆ ತಗ್ಗಿಗೆ ಮಾತ್ರ. ಆಸಿಡ್ ಮುಟ್ಟಿಸಬೇಡಿ, ತೆಂಗಿನ ನಾರು ಮತ್ತು ನೀರು ಸಾಕೆಂದು ಹಿರಿಯರು ಹೇಳಿದ್ದರು. ಅದರಿಂದ ಸುಲಭವಾಗಿ ಹೋಗುತ್ತದೆ. ಮಾಡಿಸುವ ಮನಸ್ಸಿದ್ದವರು ಮಳೆ ನಿಂತ ಕೂಡಲೇ ಹೋಗಿ ಮಾತಾಡಿ, ಸಾಗಣೆಯ ಖರ್ಚನ್ನು ಚೀಟಿಯಲ್ಲಿಯೇ ಬರೆಸಿಕೊಳ್ಳಿ. ಸಮವಸ್ತ್ರದ ಕೆಲಸವಿದ್ದರೆ, ಉಳಿ ಹೆಗಲಿನ ಹತ್ತಿರ ಬರುವ ದಿನ ಹಳೆಯ ಫೋಟೋ ಹಿಡಿದುಕೊಂಡು ನೀವೇ ಎದುರಿಗೆ ಕುಳಿತಿರಿ.