ಗೇಟ್ ರಸ್ತೆಯ ಚಾವಣಿಗೆ ಸಿಮೆಂಟ್ ಬೋಲ್ಟೋ, ರೆಸಿನ್ ಬೋಲ್ಟೋ?

ಭೂಗತ ಗಣಿ ಹಾಸನ ಜಿಲ್ಲೆಗೆ ಹೊಸತಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ಕ್ರೋಮೈಟನ್ನು ನೆಲದಡಿಯಿಂದಲೇ ತೆಗೆದಿದ್ದಾರೆ. ಆದರೆ ಅಲ್ಲಿಯ ಗಟ್ಟಿ ಬಂಡೆಯನ್ನು ನೋಡಿ ಬಂದವರಿಗೆ ಕಲ್ಲಿದ್ದಲಿನ ಚಾವಣಿ ಬೇರೆಯೇ ಪಾಠ ಕಲಿಸುತ್ತದೆ. ಮರಳುಗಲ್ಲು ಮತ್ತು ಶೇಲ್ (ಜೇಡಿ ಗಟ್ಟಿಯಾಗಿ ಆದ ಕಲ್ಲು) ಕಲ್ಲಿದ್ದಲಿನ ಮೇಲೆ ಪೇರಿಸಿಟ್ಟ ಹಲಗೆಗಳಂತೆ ಪದರಪದರವಾಗಿರುತ್ತವೆ. ಆ ಪದರಗಳು ಬಿಡಿಯಾಗುವ ಮೊದಲೇ ಅವನ್ನು ಒಂದಾಗಿ ಹೊಲಿಯುವುದು ಬೋಲ್ಟಿನ, ಅಂದರೆ ಚಾವಣಿಯಲ್ಲಿ ಕೊರೆದ ರಂಧ್ರದೊಳಗೆ ಅಂಟಿಸಿ ಕೂರಿಸುವ ಉಕ್ಕಿನ ಸರಳಿನ ಕೆಲಸ. ಗೋದಾವರಿ ಕಣಿವೆಯ ಲಾಂಗ್‌ವಾಲ್ ಗಣಿಯಲ್ಲಿ (ಕಲ್ಲಿದ್ದಲಿನ ಉದ್ದನೆಯ ಗೋಡೆಯನ್ನು ಯಂತ್ರದಿಂದ ಕಡಿಯುತ್ತಾ ಸಾಗುವ ಗಣಿ) ಸಿಮೆಂಟ್, ರೆಸಿನ್ ಎರಡೂ ಬಗೆಯ ಬೋಲ್ಟುಗಳನ್ನು ಹಾಕಿಸಿ ನೋಡಿದ ಅನುಭವವನ್ನು, ನಮ್ಮ ಕಡೆಯಿಂದ ಆ ಕೆಲಸಕ್ಕೆ ಹೊರಡುವ ಹುಡುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿನ್ಯಾಸದ ಮಾತು. ಕಡಿಯುತ್ತಾ ಮುಂದಕ್ಕೆ ಹೋಗುವ ಮುಂದೊತ್ತುವ ಪದ್ಧತಿಯಲ್ಲಿ ಗೇಟ್ ರಸ್ತೆಗಳು, ಅಂದರೆ ಕಡಿಯುವ ಭಾಗದ ಎರಡು ಬದಿಯ ಸುರಂಗದಾರಿಗಳು, ಕಲ್ಲಿದ್ದಲು ತೆಗೆದ ಮೇಲೆ ಕುಸಿದ ಗೋಫಿನ (ಖಾಲಿ ಜಾಗದ) ಪಕ್ಕದಲ್ಲೇ ಉಳಿಯಬೇಕಾಗುತ್ತದೆ. ಗಾಳಿ ಗೋಫಿಗೆ ಸೋರಿ, ಅಲ್ಲಿ ಉಳಿದ ಕಲ್ಲಿದ್ದಲು ತಾನಾಗಿ ಕಾಯುವ ಅಪಾಯವೂ ಇದೆ. ಹಿಮ್ಮರಳುವ ಪದ್ಧತಿಯಲ್ಲಿ ಎರಡೂ ರಸ್ತೆಗಳನ್ನು ಪ್ಯಾನೆಲ್ಲಿನ (ಕಡಿಯಲು ಗುರುತಿಸಿದ ಕಲ್ಲಿದ್ದಲಿನ ಭಾಗದ) ಕೊನೆಯವರೆಗೆ ಮೊದಲೇ ಕೊರೆದು, ಅಲ್ಲಿಂದ ಕಡಿಯುತ್ತಾ ಹಿಂದಕ್ಕೆ ಬರುವುದರಿಂದ, ಪದರ ಎಲ್ಲಿ ಮುರಿದಿದೆ, ನೀರು ಎಲ್ಲಿ ಬರುತ್ತದೆ ಎಂಬುದು ಯಂತ್ರ ಇಳಿಯುವ ಮುನ್ನವೇ ತಿಳಿದಿರುತ್ತದೆ. ಹಿಮ್ಮರಳುವುದೇ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ರಸ್ತೆಗಳು ಬಹುಕಾಲ ನಿಲ್ಲಬೇಕು, ಫೇಸ್, ಅಂದರೆ ಕಲ್ಲಿದ್ದಲು ಕಡಿಯುತ್ತಿರುವ ಮುಖ, ಸಮೀಪಿಸಿದಾಗ ಅದರ ಮುಂದೆ ಬೀಳುವ ಒತ್ತಡವನ್ನೂ ತಾಳಬೇಕು. ಬೋಲ್ಟಿನ ಆಯ್ಕೆ ಮುಖ್ಯವಾಗುವುದು ಇಲ್ಲಿಯೇ.

ಸಿಮೆಂಟ್ ಕ್ಯಾಪ್ಸೂಲ್ (ಸಿಮೆಂಟ್ ಪುಡಿ ತುಂಬಿದ ಸಣ್ಣ ಕೊಳವೆ) ಅಗ್ಗ, ಬಳಕೆಯೂ ಸರಳ: ನೀರಿನಲ್ಲಿ ನೆನೆಸಿ, ರಂಧ್ರಕ್ಕೆ ತುಂಬಿ, ಬೋಲ್ಟನ್ನು ಒಳಕ್ಕೆ ನೂಕಿದರಾಯಿತು. ಆದರೆ ಅದು ಬಿಗಿಯಾಗಲು ಗಂಟೆಗಳೇ ಬೇಕು, ಅಷ್ಟರೊಳಗೆ ಕೆಳಗಿನ ಶೇಲ್ ಪದರ ಬಾಗಲು ಶುರುವಾಗಿರುತ್ತದೆ. ಕಡಿಮೆ ನೆನೆಸಿದರೆ ನಡುವೆ ಒಣ ಪುಡಿ ಉಳಿಯುತ್ತದೆ, ಹೆಚ್ಚು ನೆನೆಸಿದರೆ ಕ್ಯಾಪ್ಸೂಲ್ ಕೈಯಲ್ಲೇ ಹರಿಯುತ್ತದೆ. ಪ್ಲಾಸ್ಟಿಕ್ ಕ್ಯಾಪ್ಸೂಲಿನಲ್ಲಿ ಬರುವ ಅಂಟಾದ ರೆಸಿನ್ ನಿಮಿಷಗಳಲ್ಲಿ ಹಿಡಿದುಕೊಳ್ಳುತ್ತದೆ, ಕಡಿದ ಕೂಡಲೇ ಚಾವಣಿಗೆ ಆಸರೆ ಸಿಗುತ್ತದೆ. ಆದರೆ ಅದು ನಿಖರತೆ ಬೇಡುವ ವಸ್ತು. ರಂಧ್ರ ಬೋಲ್ಟಿಗಿಂತ ಕೆಲವೇ ಮಿಲಿಮೀಟರ್ ಅಗಲವಿರಬೇಕು. ಅಗಲ ಹೆಚ್ಚಾದರೆ ಕ್ಯಾಪ್ಸೂಲಿನ ಪ್ಲಾಸ್ಟಿಕ್ ಹಾಳೆ ಹರಿಯದೆ ಬೋಲ್ಟಿಗೆ ಕೈಗವಸಿನಂತೆ ಸುತ್ತಿಕೊಂಡು, ರೆಸಿನ್ ಕಲ್ಲಿಗೆ ಅಂಟುವುದೇ ಇಲ್ಲ. ಕೂರಿಸುವಾಗ ಬೋಲ್ಟನ್ನು ತಿರುಗಿಸುವುದು ಕಡಿಮೆಯಾದರೆ ರೆಸಿನ್ ಮಿಶ್ರಣ ಆಗುವುದಿಲ್ಲ. ಗಟ್ಟಿಯಾದ ಮೇಲೂ ತಿರುಗಿಸಿದರೆ ಹಿಡಿದದ್ದು ಮುರಿಯುತ್ತದೆ. ಹೊರಗಿನಿಂದ ನೋಡಿದರೆ ಒಳ್ಳೆಯ ಬೋಲ್ಟಿಗೂ ಇಂಥದಕ್ಕೂ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ, ಎಳೆದು ನೋಡುವ ಪರೀಕ್ಷೆಯನ್ನು ಯಾವ ಪಾಳಿಯಲ್ಲೂ ಬಿಡಬಾರದು.

ಫೇಸಿನೊಳಗೆ ಬೋಲ್ಟಿನ ಪ್ರಶ್ನೆಯಿಲ್ಲ, ಅಲ್ಲಿ ಹೈಡ್ರಾಲಿಕ್ ಶೀಲ್ಡುಗಳೇ (ಕಡಿತದೊಂದಿಗೆ ಮುಂದೆ ಸರಿಯುವ ಉಕ್ಕಿನ ಆಸರೆಗಳು) ಚಾವಣಿ ಹೊರುತ್ತವೆ. 1978ರಲ್ಲಿ ಈಗಿನ ಜಾರ್ಖಂಡ್‌ನ ಮುನಿಡೀಹ್‌ನಲ್ಲಿ ಭಾರತದ ಇಂಥ ಯಂತ್ರಚಾಲಿತ ಆಸರೆಯ ಲಾಂಗ್‌ವಾಲ್ ಗಣಿಗಾರಿಕೆ ಆರಂಭವಾಯಿತು. ಎರಡು ಕಾಲಿನ ಶೀಲ್ಡ್ ಚಾವಣಿಯನ್ನು ಫೇಸಿನ ಕಡೆಗೂ ಒತ್ತುವುದರಿಂದ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ನಾಲ್ಕು ಕಾಲಿನದಕ್ಕಿಂತ ನನಗೆ ಅದೇ ಹೆಚ್ಚು ಭರವಸೆ ಕೊಟ್ಟಿದೆ.

ಒಟ್ಟಿನಲ್ಲಿ ಶೇಲ್ ಚಾವಣಿಯ ಗೇಟ್ ರಸ್ತೆಗೆ, ದುಬಾರಿಯಾದರೂ, ನಾನು ರೆಸಿನ್ನನ್ನೇ ಹಾಕಿಸುತ್ತೇನೆ. ಗಟ್ಟಿ ಮರಳುಗಲ್ಲಿನಡಿಯ, ಫೇಸಿನ ಒತ್ತಡ ತಲುಪದ ರಸ್ತೆಗಳಿಗೆ ಸಿಮೆಂಟ್ ಸಾಕು. ಯಾವುದನ್ನು ಹಾಕಿದರೂ ಫೇಸಿನ ಮುಂದಿನ ಒತ್ತಡದ ಭಾಗದಲ್ಲಿ ಹೆಚ್ಚುವರಿ ಪ್ರಾಪ್‌ಗಳನ್ನು (ಆಸರೆ ಕಂಬಗಳನ್ನು) ನಿಲ್ಲಿಸಿ, ಪಾಳಿ ಶುರುವಾಗುವಾಗ ಸಲಾಕೆಯಿಂದ ಚಾವಣಿಯನ್ನು ತಟ್ಟಿ ಕೇಳಬೇಕು; ಗಟ್ಟಿ ಕಲ್ಲು ಕಣಕಣ ಎನ್ನುತ್ತದೆ, ಬಿಟ್ಟುಕೊಂಡ ಪದರ ಡಬಡಬ ಎನ್ನುತ್ತದೆ.