ಮಕ್ಕಳ ಟೂತ್‌ಪೇಸ್ಟ್: ಕಾರ್ಟೂನು ಬಿಡಿ, ಪಿಪಿಎಂ ನೋಡಿ

ಮೆಡಿಕಲ್ ಸ್ಟೋರಿನ ಕಪಾಟಿನಲ್ಲಿ ಸಾಲಾಗಿ ನಿಂತ ಮಕ್ಕಳ ಪೇಸ್ಟುಗಳಿಂದ ಬಣ್ಣ, ಕಾರ್ಟೂನು, ಸ್ಟ್ರಾಬೆರಿ ವಾಸನೆ ಕಳೆದರೆ ಉಳಿಯುವುದು ಮೂರೇ ಬಗೆ: ಫ್ಲೋರೈಡ್ ಇಲ್ಲದ್ದು, 500 ಪಿಪಿಎಂ ಆಸುಪಾಸಿನದು, 1000 ಪಿಪಿಎಂನದು. ಹಾಲುಹಲ್ಲಿನ ಮಕ್ಕಳಿಗೂ ನಮ್ಮ ಆಯ್ಕೆ ಮೂರನೆಯದೇ. ಫ್ಲೋರೈಡ್ ಹುಳುಕು ತಡೆಯುವ ಅಂಶ; ಪೇಸ್ಟಿನ ಹತ್ತು ಲಕ್ಷ ಭಾಗದಲ್ಲಿ ಅದು ಎಷ್ಟು ಭಾಗ ಎಂಬ ಲೆಕ್ಕವೇ ಪಿಪಿಎಂ.

ಅಜ್ಜಿಯರು ಹೇಳುವ ‘ಹಲ್ಲಿನ ಹುಳ’ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಅದರಲ್ಲಿ ಮುಂಚೂಣಿಯದು ಸ್ಟ್ರೆಪ್ಟೊಕಾಕಸ್ ಮ್ಯೂಟಾನ್ಸ್. ಮಗುವಿನ ಬಾಯಿಗೆ ಅದು ಹೆಚ್ಚಾಗಿ ಬರುವುದು ಮನೆಯವರ ಜೊಲ್ಲಿನಿಂದಲೇ. ರುಚಿ ನೋಡಿದ ಚಮಚವೇ ಸಾಕು. ಸಕ್ಕರೆಯಿಂದ ಅದು ಅಂಟು ಮಾಡಿಕೊಂಡು ಹಲ್ಲಿಗೆ ಕಚ್ಚಿಕೊಳ್ಳುತ್ತದೆ, ಅದೇ ಸಕ್ಕರೆಯನ್ನು ಆಮ್ಲವಾಗಿಸುತ್ತದೆ. ಬೆಲ್ಲ, ಜೇನು ಎಂದು ರಿಯಾಯಿತಿ ಇಲ್ಲ. ಹಲ್ಲಿನ ಮೇಲೆ ಪಿಎಚ್ (ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನ ಖನಿಜ ಕರಗತೊಡಗುತ್ತದೆ. ಜೊಲ್ಲು ಅದನ್ನು ಸರಿದೂಗಿಸಲು ಅರ್ಧ ಗಂಟೆಯಾದರೂ ಬೇಕು. ನಿದ್ದೆಯಲ್ಲಿ ಜೊಲ್ಲೇ ಕಡಿಮೆ. ಹಾಲಿನ ಬಾಟಲಿ ಕಚ್ಚಿಕೊಂಡು ಮಲಗುವ ಮಗುವಿಗೆ ಮೇಲಿನ ಮುಂದಿನ ಹಲ್ಲು ಮೊದಲು ಹುಳುಕಾಗುತ್ತದೆ, ಕೆಳಗಿನವು ನಾಲಗೆಯ ಮರೆಯಲ್ಲಿ ಉಳಿದುಕೊಳ್ಳುತ್ತವೆ.

ಕಳೆದುಹೋದ ಖನಿಜ ಮರಳಿ ಕೂರಲು ನೆರವಾಗುವುದು ಫ್ಲೋರೈಡ್. ಹುಳುಕು ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇರುವುದು 1000 ಪಿಪಿಎಂನಿಂದ ಮೇಲೆ. 500ರ ಪೇಸ್ಟಿನ ಬಗ್ಗೆ ಅಷ್ಟು ಭರವಸೆ ಕೊಡಲಾಗದು. ‘ನುಂಗಿದರೂ ಸುರಕ್ಷಿತ’ ಎಂದು ಮಾರುವ ಫ್ಲೋರೈಡ್‌ರಹಿತ ಟ್ಯೂಬು ಬ್ರಷ್ಷಿಗೆ ಜಾರುವ ಗುಣ ಕೊಡುತ್ತದೆ, ಅಷ್ಟೆ. ಆ ಬೆಲೆಗೆ ದುಬಾರಿ.

ಪಿಪಿಎಂ ಅಂಕಿ ಕಣ್ಣಿಗೆ ಬೀಳದಿದ್ದರೆ ಘಟಕಗಳ ಸಾಲು ಓದಿ: ಸೋಡಿಯಂ ಫ್ಲೋರೈಡ್ 0.22% ಅಥವಾ ಸೋಡಿಯಂ ಮೊನೊಫ್ಲೋರೊಫಾಸ್ಫೇಟ್ 0.76% ಇದ್ದರೆ ಅದು ಸುಮಾರು 1000. ಸೋಡಿಯಂ ಫ್ಲೋರೈಡ್ 0.11% ಎಂದರೆ ಅರ್ಧ.

ನುಂಗಿಬಿಟ್ಟರೆ? ಲೆಕ್ಕ ಹಾಕಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಅಂದರೆ 0.1 ಗ್ರಾಂ ಪೇಸ್ಟು. ಅದರಲ್ಲಿ ಫ್ಲೋರೈಡ್ 0.1 ಮಿಲಿಗ್ರಾಂ. ಮೂರರಿಂದ ಆರರವರೆಗೆ ಬಟಾಣಿಯಷ್ಟು, 0.25 ಗ್ರಾಂ. ದಿನಕ್ಕೆರಡು ಸಲ ಅಕ್ಕಿಕಾಳಿನ ಲೆಕ್ಕದಲ್ಲಿ 50 ಗ್ರಾಂ ಟ್ಯೂಬು 250 ದಿನ ಬರಬೇಕು, ಬಟಾಣಿ ಲೆಕ್ಕದಲ್ಲಿ 100 ದಿನ. ತಿಂಗಳಿಗೇ ಮುಗಿದರೆ ಒತ್ತುವ ಕೈ ಮಗುವಿನದು ಎಂದರ್ಥ. ಮಕ್ಕಳ ಟ್ಯೂಬುಗಳ ದೊಡ್ಡ ದೋಷವೂ ಇಲ್ಲೇ: ಬಾಯಿ ಅಗಲ, ರುಚಿ ಮಿಠಾಯಿಯದು, ಡಬ್ಬಿಯ ಚಿತ್ರದಲ್ಲಿ ಬ್ರಷ್ಷಿನುದ್ದಕ್ಕೂ ಪೇಸ್ಟು. ಟ್ಯೂಬು ದೊಡ್ಡವರ ಕೈಗೆಟಕುವಲ್ಲಿ ಮಾತ್ರ ಇರಲಿ. ಲೇಬಲ್ಲಿನಲ್ಲಿ 1000 ಎಂದೇ ಇದ್ದರೆ ದೊಡ್ಡವರ ಸಾದಾ ಪೇಸ್ಟೂ ಆಗುತ್ತದೆ, ಖಾರ ಮಗು ತಡೆದುಕೊಂಡರೆ.

ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಕಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರಿನ ಒಂದೇ ಲೀಟರು, ದಿನದ ಎರಡು ಅಕ್ಕಿಕಾಳಿನ ಪೇಸ್ಟಿನ ಏಳು ಪಟ್ಟಿಗೂ ಹೆಚ್ಚು. ಅಲ್ಲಿ ಮೊದಲು ಬದಲಾಗಬೇಕಾದ್ದು ಕುಡಿಯುವ ನೀರು. ಪೇಸ್ಟಿನ ವಿಚಾರ ದಂತವೈದ್ಯರನ್ನು ಕೇಳಿ ತೀರ್ಮಾನಿಸಿ.

ರಾತ್ರಿ ಮಲಗುವ ಮುಂಚೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮೇಲ್ದುಟಿ ಎತ್ತಿ ಒಸಡಿನಂಚಿನಿಂದ ಉಜ್ಜಿ. ಉಗುಳಿದರೆ ಸಾಕು, ನೀರು ಹಾಕಿ ಮುಕ್ಕಳಿಸುವುದು ಬೇಡ. ಒಸಡಿನಂಚಿಗೆ ಸುಣ್ಣದಂಥ ಬಿಳಿ ಗೆರೆ ಕಂಡರೆ ಪೇಸ್ಟು ಇನ್ನೂ ಕೆಲಸ ಮಾಡೀತು. ಕಂದು ಗುಳಿ ಬಿದ್ದಿದ್ದರೆ ಯಾವ ಟ್ಯೂಬೂ ಅದನ್ನು ತುಂಬುವುದಿಲ್ಲ.